ಬ್ರೇಕ್ ಒತ್ತಿದರೆ ಕೀಚಲು ಸದ್ದು: ವೇಗದ ಕಾರಿಗೆ ಸದ್ದಿಲ್ಲದ ಪ್ಯಾಡ್ ಆರಿಸುವುದು ಹೇಗೆ?

ಸಿಗ್ನಲ್ ಹತ್ತಿರವಾಗುತ್ತಿದ್ದಂತೆ ಮೆಲ್ಲಗೆ ಬ್ರೇಕ್ ಒತ್ತುತ್ತೀರಿ. ‘ಕೀಂ...’ ಎಂದು ಚಕ್ರದ ಕಡೆಯಿಂದ ಸದ್ದು. ಪಕ್ಕದ ಆಟೋದವರು ತಿರುಗಿ ನೋಡುತ್ತಾರೆ. ಹದಿನೈದು ಇಪ್ಪತ್ತು ಲಕ್ಷ ಕೊಟ್ಟು ತಂದ ಕಾರು, ಮೊನ್ನೆಯಷ್ಟೇ ಹೊಸ ಪ್ಯಾಡ್ ಹಾಕಿಸಿದ್ದೀರಿ, ಆದರೂ ಈ ಗೋಳು. ಗ್ರೂಪಿನಲ್ಲಿ ಕೇಳಿದರೆ ಹತ್ತು ಸಲಹೆ ಬರುತ್ತವೆ. ‘ಸ್ವಲ್ಪ ಎಣ್ಣೆ ಸ್ಪ್ರೇ ಮಾಡಿ’, ‘ರೇಸ್ ಪ್ಯಾಡ್ ಹಾಕಿಸಿ, ಕಾರು ನಿಂತಲ್ಲೇ ನಿಲ್ಲುತ್ತೆ’, ‘ಸೆರಾಮಿಕ್ ಹಾಕಿಸಿದರೆ ಜನ್ಮದಲ್ಲಿ ಸದ್ದು ಬರಲ್ಲ’. ಇವುಗಳಲ್ಲಿ ಒಂದು ಅರ್ಧ ನಿಜ, ಒಂದು ತಪ್ಪು ತಿಳಿವಳಿಕೆ, ಇನ್ನೊಂದು ಜೀವಕ್ಕೇ ಅಪಾಯ.

ಚುಟುಕಾಗಿ ಹೇಳುವುದಾದರೆ

- ದಿನಾ ಆಫೀಸಿಗೆ ಓಡಿಸುವ ವೇಗದ ಕಾರಿಗೆ ಒಳ್ಳೆಯ ಗುಣಮಟ್ಟದ ಸೆರಾಮಿಕ್ ಪ್ಯಾಡ್, ಇಲ್ಲವೇ ಕಾರಿನ ಕಂಪನಿ ಹೇಳಿದ ಮೂಲ ಪ್ಯಾಡ್ ಸಾಕು.
- ಸದ್ದಿಗೆ ಪ್ಯಾಡ್ ಒಂದೇ ಕಾರಣವಲ್ಲ. ಜೋಡಿಸಿದ ರೀತಿ, ಸವೆದ ಡಿಸ್ಕ್, ಬಿಗಿಹಿಡಿದ ಪಿನ್ ಕೂಡ ಕಾರಣ.
- ಪ್ಯಾಡ್ ಉಜ್ಜುವ ಮುಖಕ್ಕಾಗಲಿ, ಡಿಸ್ಕ್‌ಗಾಗಲಿ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಎಂದಿಗೂ ಹಾಕಬಾರದು.

ಸದ್ದು ಎಲ್ಲಿಂದ ಹುಟ್ಟುತ್ತದೆ?

ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆಂದದ್ದು ನೆನಪಿದೆಯೇ? ಸೀಮೆಸುಣ್ಣ ಹಲಗೆಗೆ ಒಂದು ಕ್ಷಣ ಅಂಟುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಅಂಟುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ನಡೆದಾಗ ಕಿವಿಗೆ ಕೀಚಲು ಸದ್ದಾಗಿ ಕೇಳುತ್ತದೆ. ಪಿಟೀಲಿನ ತಂತಿಯನ್ನು ಕಮಾನು ನುಡಿಸುವುದೂ ಇದೇ ತತ್ವದಿಂದ.

ಬ್ರೇಕಿನಲ್ಲೂ ಇಂಥದ್ದೇ ನಡೆಯುತ್ತದೆ. ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಪ್ಯಾಡ್‌ಗಳು ಒತ್ತಿ ಹಿಡಿಯುತ್ತವೆ. ಒತ್ತುವ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಘರ್ಷಣೆಯಿಂದ ಪ್ಯಾಡ್ ನಡುಗಲು ಶುರುವಾದರೆ ಆ ನಡುಕ ಡಿಸ್ಕ್‌ಗೂ ಹಬ್ಬುತ್ತದೆ. ಆಗ ಡಿಸ್ಕ್ ದೇವಸ್ಥಾನದ ಜಾಗಟೆಯಂತೆ ಮೊಳಗುತ್ತದೆ. ಕೀಚಲು ಸದ್ದಿನ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ ಸಾವಿರಕ್ಕಿಂತ ಹೆಚ್ಚು. ನಮ್ಮ ಕಿವಿ ಅತಿ ಚುರುಕಾಗಿ ಕೇಳಿಸಿಕೊಳ್ಳುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದನ್ನು. ಬ್ರೇಕಿನ ಸದ್ದು ಹೆಚ್ಚಾಗಿ ಇದೇ ಜಾಗದಲ್ಲಿ ಬೀಳುವುದರಿಂದ ಸಣ್ಣದಾದರೂ ಕಿವಿಗೆ ಚುಚ್ಚುತ್ತದೆ.

ಗಮನಿಸಿ ನೋಡಿ. ಹೆದ್ದಾರಿಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಈ ಸದ್ದು ಬರುವುದು ಕಡಿಮೆ. ಟ್ರಾಫಿಕ್ಕಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ ಮೆಲ್ಲಗೆ ಒತ್ತಿದಾಗಲೇ ಹೆಚ್ಚು. ಒತ್ತಡ ಕಡಿಮೆ ಇದ್ದಾಗ ಪ್ಯಾಡ್ ಭದ್ರವಾಗಿ ಕೂರದೆ ಅಂಟುವುದೂ ಜಾರುವುದೂ ಸುಲಭವಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ಒಂದು ಗಂಟೆ ತೆವಳುವ ಕಾರಿಗೆ ಈ ಕಾಟ ಜಾಸ್ತಿ ಎಂದರೆ ಆಶ್ಚರ್ಯವಿಲ್ಲ.

ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ?

ಹೊಸ ಪ್ಯಾಡ್ ಕೊಳ್ಳುವ ಮೊದಲು ಸದ್ದು ಎಂಥದ್ದು ಎಂದು ಗುರುತಿಸಿ.

- ಮಳೆಗಾಲದ ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗರಗರ ಸದ್ದು, ಆಮೇಲೆ ಮಾಯ: ರಾತ್ರಿಯ ತೇವಕ್ಕೆ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಬಂದಿರುತ್ತದೆ. ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ. ಚಿಂತೆ ಬೇಡ.
- ಮೆಲ್ಲಗೆ ಒತ್ತಿದಾಗ ಆಗಾಗ ಕೀಚಲು ಸದ್ದು, ಬ್ರೇಕ್ ಮಾತ್ರ ಸರಿಯಾಗಿ ಹಿಡಿಯುತ್ತಿದೆ: ಕಿರಿಕಿರಿಯೇ ಹೊರತು ಸಾಮಾನ್ಯವಾಗಿ ಅಪಾಯವಲ್ಲ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.
- ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಸಡಿಲಿಸುವಾಗ ‘ಗೊರ್ರ್’ ಎಂಬ ದಪ್ಪ ಸದ್ದು: ಇಂಜಿನ್ ಮುಂದಕ್ಕೆ ತಳ್ಳುತ್ತಿರುವಾಗ ಪ್ಯಾಡ್ ಅರೆಬರೆ ಹಿಡಿದಿರುವುದರಿಂದ ಬರುತ್ತದೆ. ಪೂರ್ತಿ ಬಿಡಿ, ಇಲ್ಲವೇ ಪೂರ್ತಿ ಒತ್ತಿ.
- ಎಡೆಬಿಡದ ಕೀರಲು ಸದ್ದು, ಪ್ಯಾಡ್ ಹಳೆಯದು: ಹಲವು ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಎರಡು ಮೂರು ಮಿಲಿಮೀಟರಿಗೆ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕೂಗುತ್ತದೆ. ಅದು ‘ನನ್ನನ್ನು ಬದಲಿಸು’ ಎನ್ನುವ ಎಚ್ಚರಿಕೆ. ಬೇಗ ಗ್ಯಾರೇಜಿಗೆ ಹೋಗಿ.
- ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂಥ ಸದ್ದು, ಪೆಡಲ್ ಕೆಳಗಿಳಿಯುವುದು, ಕಾರು ಒಂದು ಕಡೆ ಎಳೆಯುವುದು, ಬ್ರೇಕ್ ದೀಪ ಹತ್ತುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಕಾರು ಓಡಿಸಬೇಡಿ.

ಈ ಸದ್ದು ಡಿಸ್ಕ್ ಬ್ರೇಕಿನಷ್ಟೇ ಹಳೆಯದು

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಕಾರಿನ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಡಿಸ್ಕನ್ನು ಒತ್ತುವ ಮುಖಕ್ಕೆ ಅವರು ತಾಮ್ರ ಬಳಸಿದ್ದರು. ಲೋಹಕ್ಕೆ ಲೋಹ ಉಜ್ಜಿ ಸಹಿಸಲಾಗದ ಚೀತ್ಕಾರ ಬರುತ್ತಿತ್ತು. ಕೆಲವು ವರ್ಷಗಳ ನಂತರ ಹರ್ಬರ್ಟ್ ಫ್ರೂಡ್ ಎಂಬವರು ಅದಕ್ಕೆ ಪರಿಹಾರ ಕಂಡುಕೊಂಡರು. ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಹೊದಿಕೆ. ಸದ್ದು ಅಡಗಿತು, ಶಾಖಕ್ಕೂ ತಡೆಯಿತು, ಬೆಲೆಯೂ ಕಡಿಮೆ. ದಶಕಗಳ ಕಾಲ ಜಗತ್ತಿನ ಬ್ರೇಕುಗಳು ಕಲ್ನಾರಿನ ಮೇಲೇ ನಡೆದವು.

ಆದರೆ ಅದರ ಬೆಲೆ ತೆತ್ತವರು ಗ್ಯಾರೇಜು ಮತ್ತು ಕಾರ್ಖಾನೆಯ ಕೆಲಸಗಾರರು. ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನ ಜೊತೆ ಒಳಸೇರಿ ಶ್ವಾಸಕೋಶದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ತರುತ್ತವೆ. ಆದ್ದರಿಂದ ಡಬ್ಬಿಯ ಮೇಲೆ ‘ಆಸ್ಬೆಸ್ಟಾಸ್ ಇಲ್ಲ’ ಎಂದು ಬರೆದಿರುವುದನ್ನೇ ಕೊಳ್ಳಿ. ಪ್ಯಾಡ್ ಯಾವುದೇ ಇರಲಿ, ಬ್ರೇಕಿನ ಧೂಳನ್ನು ಏರ್ ಪೈಪಿನಿಂದ ಊದಿಸಬೇಡಿ. ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಬಳಸಲು ಹೇಳಿ. ನಿಮ್ಮ ಕಾರಿಗಿಂತ ಹೆಚ್ಚಾಗಿ ಇದು ದಿನವಿಡೀ ಅಲ್ಲೇ ಕೂರುವ ಗ್ಯಾರೇಜ್ ಹುಡುಗನ ಆರೋಗ್ಯಕ್ಕೆ ಬೇಕಾದ ಎಚ್ಚರಿಕೆ.

ಪ್ಯಾಡ್‌ಗಳಲ್ಲಿ ಎಷ್ಟು ಬಗೆ?

ಬ್ರೇಕಿನ ಕೆಲಸ ವೇಗವನ್ನು ಶಾಖವಾಗಿ ಬದಲಿಸುವುದು. 1,400 ಕಿಲೋ ತೂಕದ ಕಾರನ್ನು 100 ಕಿಲೋಮೀಟರ್ ವೇಗದಿಂದ ನಿಲ್ಲಿಸಿದರೆ ಸುಮಾರು 5.4 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಸುಮಾರು ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಅದೂ ಕೆಲವೇ ಸೆಕೆಂಡುಗಳಲ್ಲಿ! ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಈ ಶಾಖವನ್ನು ತಡೆಯುವ ಶಕ್ತಿ ಮತ್ತು ಸದ್ದಿಲ್ಲದ ಗುಣ, ಎರಡರ ನಡುವಿನ ಹೊಂದಾಣಿಕೆಯೇ ಪ್ಯಾಡ್ ಆಯ್ಕೆ.

*ಆರ್ಗ್ಯಾನಿಕ್ ಪ್ಯಾಡ್:* ರಾಳ, ರಬ್ಬರ್, ಗ್ರಾಫೈಟ್, ಬಗೆಬಗೆಯ ನಾರುಗಳ ಮಿಶ್ರಣ. ಮೆತ್ತಗಿರುವುದರಿಂದ ಸದ್ದು ಕಡಿಮೆ, ಡಿಸ್ಕ್ ಸವೆಯುವುದೂ ಕಡಿಮೆ. ಆದರೆ ತುಂಬ ಕಾದಾಗ ಹಿಡಿತ ಬಿಡುತ್ತದೆ. ಸಾಧಾರಣ ಕಾರಿಗೆ ಸಾಕು, ವೇಗದ ಕಾರಿಗೆ ಸಾಲದು.

*ಸೆಮಿ ಮೆಟಾಲಿಕ್ ಪ್ಯಾಡ್:* ಉಕ್ಕಿನ ನಾರು, ಕಬ್ಬಿಣದ ಪುಡಿ ಹೆಚ್ಚು. ಕಾದರೂ ಹಿಡಿತ ಬಿಡುವುದಿಲ್ಲ. ಆದರೆ ಸದ್ದು, ಧೂಳು, ಡಿಸ್ಕ್ ಸವೆತ ಮೂರೂ ಜಾಸ್ತಿ.

*ಲೋ ಮೆಟಾಲಿಕ್ ಪ್ಯಾಡ್:* ಲೋಹದ ಪಾಲು ಇದಕ್ಕಿಂತ ಕಡಿಮೆ. ಯುರೋಪಿನ ಕಂಪನಿಗಳ ಕಾರುಗಳು ಹೆಚ್ಚಾಗಿ ಇದರೊಂದಿಗೇ ಬರುತ್ತವೆ. ಕಾಲಿಟ್ಟ ಕೂಡಲೇ ಕಚ್ಚುವ ಹಿಡಿತ ಇದರ ಗುಣ. ಅಲಾಯ್ ಚಕ್ರಗಳಿಗೆ ಕಪ್ಪು ಧೂಳು ಮೆತ್ತುವುದು, ಆಗಾಗ ಕೀಚಲು ಸದ್ದು ಬರುವುದು ಇದರ ದೋಷ. ಜರ್ಮನ್ ಮೂಲದ ಕಾರಿನ ಒಡೆಯರು ‘ವಾರಕ್ಕೊಮ್ಮೆ ತೊಳೆದರೂ ಮುಂದಿನ ಚಕ್ರ ಕಪ್ಪು’ ಎಂದು ಗೊಣಗುವುದು ಇದಕ್ಕೇ.

*ಸೆರಾಮಿಕ್ ಪ್ಯಾಡ್:* ಆರ್ಗ್ಯಾನಿಕ್ ಜಾತಿಯದ್ದೇ, ಆದರೆ ಉಕ್ಕಿನ ಬದಲು ಸೆರಾಮಿಕ್ ನಾರು ಮತ್ತಿತರ ಖನಿಜಗಳನ್ನು ಸೇರಿಸಿರುತ್ತಾರೆ. ಸದ್ದು ಕಡಿಮೆ. ಧೂಳು ಕಡಿಮೆ, ಬಂದರೂ ತಿಳಿ ಬಣ್ಣದ್ದು. ಒತ್ತಿದ ಕೂಡಲೇ ಕಚ್ಚುವ ಹಿಡಿತ ಲೋ ಮೆಟಾಲಿಕ್‌ಗಿಂತ ತುಸು ಮೃದು ಅನ್ನಿಸಬಹುದು. ರೇಸ್ ಟ್ರ್ಯಾಕಿನ ಶಾಖಕ್ಕೆ ಇದು ತಕ್ಕದ್ದಲ್ಲ. ಅಂದಹಾಗೆ, ಕೋಟಿ ಬೆಲೆಯ ಕಾರುಗಳಲ್ಲಿ ಬರುವ ಕಾರ್ಬನ್ ಸೆರಾಮಿಕ್ ಬ್ರೇಕ್ ಬೇರೆ. ಅಲ್ಲಿ ಡಿಸ್ಕೇ ಆ ವಸ್ತುವಿನದು. ಹೆಸರು ಒಂದೇ ಎಂದು ಮೋಸಹೋಗಬೇಡಿ.

*ರೇಸ್ ಪ್ಯಾಡ್:* ಇದು ಚೆನ್ನಾಗಿ ಕಾದ ಮೇಲೆ ಕೆಲಸ ಮಾಡಲೆಂದೇ ತಯಾರಾದದ್ದು. ತಣ್ಣಗಿರುವಾಗ ಇದರ ಹಿಡಿತ ಸಾಧಾರಣ ಪ್ಯಾಡ್‌ಗಿಂತ ಕಡಿಮೆ ಇರಬಹುದು. ಬೆಳಗ್ಗೆ ಮನೆಯಿಂದ ಹೊರಟ ಕೂಡಲೇ ಅಡ್ಡ ಬರುವ ಮಗುವಿಗೆ ನಿಮ್ಮ ಪ್ಯಾಡ್ ಕಾಯುವವರೆಗೂ ಕಾಯಲಾಗುವುದಿಲ್ಲ. ಇದರ ಸದ್ದಂತೂ ಬೀದಿಗೆಲ್ಲ ಕೇಳುತ್ತದೆ.

ನಿಮ್ಮ ಓಡಾಟ ಯಾವ ಬಗೆಯದು?

ಪೋಲೋ ಜಿಟಿಐ, ಆಕ್ಟೇವಿಯಾ ಆರ್‌ಎಸ್, ಐ20 ಎನ್ ಲೈನ್, ಹೀಗೆ ಚುರುಕಾದ ಯಾವ ಕಾರೇ ಇರಲಿ, ಅದು ವರ್ಷದಲ್ಲಿ ಎಷ್ಟು ದಿನ ನಿಜವಾಗಿ ಜೋರಾಗಿ ಓಡುತ್ತದೆ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ.

*ಹೆಚ್ಚಾಗಿ ನಗರ, ಆಗೊಮ್ಮೆ ಹೆದ್ದಾರಿ:* ಸೆರಾಮಿಕ್ ಸಾಕು. ಸದ್ದು ಮತ್ತು ಧೂಳಿನ ಕಾಟ ಎರಡೂ ತಗ್ಗುತ್ತದೆ.

*ವಾರ ಪೂರ್ತಿ ನಗರ, ರಜೆಯಲ್ಲಿ ಚಾರ್ಮಾಡಿ, ಆಗುಂಬೆ, ಶಿರಾಡಿ:* ಘಾಟಿ ಇಳಿಯುವಾಗ ಡಿಸ್ಕ್ ನಗರದ ಓಡಾಟಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಕಾರಿನ ಮೂಲ ಪ್ಯಾಡ್ ಅಥವಾ ಹೆಚ್ಚು ಶಾಖ ತಡೆಯುವ, ರಸ್ತೆ ಬಳಕೆಯ ಸೆರಾಮಿಕ್ ಪ್ಯಾಡ್ ಒಳ್ಳೆಯದು. ಆದರೆ ಯಾವ ಪ್ಯಾಡ್ ಹಾಕಿದರೂ ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಇಳಿಯಿರಿ. ಇಂಜಿನ್ ಹಿಡಿದರೆ ಬ್ರೇಕಿಗೆ ಬಿಡುವು ಸಿಗುತ್ತದೆ.

*ವರ್ಷಕ್ಕೆ ಒಂದೆರಡು ಸಲ ಚೆನ್ನೈ ಅಥವಾ ಕೊಯಮತ್ತೂರಿನ ರೇಸ್ ಟ್ರ್ಯಾಕ್:* ಒಂದೇ ಪ್ಯಾಡ್‌ನಿಂದ ಎರಡೂ ಕೆಲಸ ಮಾಡಿಸುವ ಆಸೆ ಬೇಡ. ಟ್ರ್ಯಾಕಿಗೆ ಬೇರೆ ಜೊತೆ ಇಟ್ಟುಕೊಂಡು ಅಲ್ಲಿಗೆ ಹೋದಾಗ ಬದಲಿಸಿಕೊಳ್ಳಿ. ಎರಡು ಬಗೆಯ ಪ್ಯಾಡ್‌ಗಳ ಪದರ ಒಂದೇ ಡಿಸ್ಕ್ ಮೇಲೆ ಹೊಂದದೆ ಹೋಗಬಹುದು, ಹಾಗಾಗಿ ಬದಲಿಸಿದಾಗಲೆಲ್ಲ ಪಳಗಿಸುವುದು ಅಗತ್ಯ.

ಘಾಟಿ ಇಳಿಯುವವರಿಗೆ ಇನ್ನೊಂದು ಮಾತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ. ಒಳಗೆ ಅದು ಕುದ್ದರೆ ಗುಳ್ಳೆ ಎದ್ದು ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಎಷ್ಟೇ ದುಬಾರಿ ಪ್ಯಾಡ್ ಇದ್ದರೂ ಆಗ ಉಪಯೋಗಕ್ಕೆ ಬರುವುದಿಲ್ಲ. ಕಾರಿನ ಕೈಪಿಡಿ ಹೇಳಿದ ಅವಧಿಗೆ ಆಯಿಲ್ ಬದಲಿಸಿ.

ಡಬ್ಬಿಯ ಮೇಲೆ, ಪ್ಯಾಡ್ ಅಂಚಿನಲ್ಲಿ ಏನು ನೋಡಬೇಕು?

ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ‘ಎಫ್‌ಎಫ್’, ‘ಜಿಜಿ’ ಎಂಬಂತೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲಿನದು ಮಾಮೂಲಿ ಬಿಸಿಯಲ್ಲಿ ಎಷ್ಟು ಘರ್ಷಣೆ ಎಂಬುದಕ್ಕೆ, ಎರಡನೆಯದು ಹೆಚ್ಚು ಕಾದಾಗ ಎಷ್ಟು ಎಂಬುದಕ್ಕೆ. ‘ಇ’ ಅಂದರೆ 0.25ರಿಂದ 0.35, ‘ಎಫ್’ ಅಂದರೆ 0.35ರಿಂದ 0.45, ‘ಜಿ’ ಅಂದರೆ 0.45ರಿಂದ 0.55. ಎರಡನೇ ಅಕ್ಷರ ಮೊದಲಿನದಕ್ಕಿಂತ ಕೆಳಗಿನದಾಗಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದರ್ಥ. ಈ ಅಕ್ಷರಗಳು ಸದ್ದಿನ ಬಗ್ಗೆಯಾಗಲಿ ಬಾಳಿಕೆಯ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ.

ಯುರೋಪಿನ ಮಾರುಕಟ್ಟೆಯ ಪ್ಯಾಡ್‌ಗಳಲ್ಲಿ ‘ಆರ್ 90’ ಎಂಬ ಒಪ್ಪಿಗೆಯ ಗುರುತು ಇರುತ್ತದೆ. ಬದಲಿ ಪ್ಯಾಡ್‌ನ ಕೆಲಸ ಮೂಲ ಪ್ಯಾಡ್‌ಗೆ ಹೋಲಿಸಿದರೆ ಶೇಕಡಾ 15ರಷ್ಟು ಹೆಚ್ಚುಕಡಿಮೆಯ ಒಳಗೇ ಇರಬೇಕು ಎಂಬುದು ಆ ನಿಯಮ. ಇದು ನಂಬಿಕೆಗೆ ಒಳ್ಳೆಯ ಆಧಾರ. ಅಮೆರಿಕದಿಂದ ಬಂದ ಡಬ್ಬಿಗಳ ಮೇಲೆ ಎಲೆಗಳ ಗುರುತು ಕಾಣಬಹುದು. ಪ್ಯಾಡ್‌ನ ತಾಮ್ರ ಮಳೆನೀರಿನಲ್ಲಿ ಹರಿದು ಮೀನುಗಳಿಗೆ ವಿಷವಾಗುತ್ತದೆ ಎಂದು ಅಲ್ಲಿನ ಕೆಲ ರಾಜ್ಯಗಳು ತಾಮ್ರಕ್ಕೆ ಮಿತಿ ಹಾಕಿವೆ. ಆ ಗುರುತು ಪರಿಸರಕ್ಕೆ ಸಂಬಂಧಿಸಿದ್ದು, ಸದ್ದಿಗಲ್ಲ.

ಸದ್ದು ತಡೆಯಲು ಮೂರು ಸಂಗತಿ ನೋಡಿ. ಒಂದು, ಪ್ಯಾಡ್‌ನ ಬೆನ್ನಿಗೆ ಅಂಟಿಸಿರುವ ತೆಳು ತಗಡು, ಅಂದರೆ ಶಿಮ್. ಉಕ್ಕು ಮತ್ತು ರಬ್ಬರಿನ ಪದರಗಳಿರುವ ಇದು ನಡುಕವನ್ನು ನುಂಗುತ್ತದೆ. ಎರಡು, ಪ್ಯಾಡ್‌ನ ಎರಡೂ ತುದಿ ಓರೆಯಾಗಿ ಕತ್ತರಿಸಿರುವುದು. ಚೂಪಾದ ಅಂಚು ಡಿಸ್ಕ್‌ಗೆ ಕಚ್ಚಿದರೆ ನಡುಕ ಬೇಗ ಹುಟ್ಟುತ್ತದೆ. ಮೂರು, ಹೊಸ ಕ್ಲಿಪ್ಪುಗಳು ಡಬ್ಬಿಯಲ್ಲೇ ಇರುವುದು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್ಲು ಕೇಳಿ ಪಡೆಯಿರಿ. ಹೆಸರಾಂತ ಕಂಪನಿಯ ಪ್ಯಾಡ್ ಅರ್ಧ ಬೆಲೆಗೆ ಸಿಗುತ್ತಿದ್ದರೆ ನಕಲಿ ಇರಬಹುದೆಂದು ಅನುಮಾನಿಸಿ.

ಒಳ್ಳೆಯ ಪ್ಯಾಡ್ ಹಾಕಿದರೂ ಸದ್ದು ಬಂದರೆ?

ಎಷ್ಟೋ ಸಲ ತಪ್ಪು ಪ್ಯಾಡ್‌ನದ್ದಲ್ಲ, ಜೋಡಣೆಯದ್ದು. ಹತ್ತು ನಿಮಿಷದಲ್ಲಿ ಹಳೆಯದು ತೆಗೆದು ಹೊಸದು ತುರುಕಿ ಕಳಿಸಿದರೆ ಸದ್ದು ಬಂದೇ ಬರುತ್ತದೆ. ಎದುರಿಗೆ ನಿಂತು ಇವಿಷ್ಟನ್ನು ಮಾಡಿಸಿ:

1. ಡಿಸ್ಕ್‌ನ ದಪ್ಪ ಅಳೆಯಬೇಕು. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಡಿಸ್ಕನ್ನೂ ಬದಲಿಸಬೇಕು.
2. ಪ್ಯಾಡ್ ಕೂರುವ ಜಾಗದ ತುಕ್ಕನ್ನು ಬ್ರಷ್‌ನಿಂದ ಉಜ್ಜಿ ತೆಗೆಯಬೇಕು.
3. ಕ್ಯಾಲಿಪರ್ ಜಾರುವ ಪಿನ್‌ಗಳು ಸಲೀಸಾಗಿ ಆಡಬೇಕು. ಅದಕ್ಕೆ ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್ ಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಬಿಗಿಯುತ್ತದೆ.
4. ಪ್ಯಾಡ್‌ನ ಕಿವಿ ಮತ್ತು ಬೆನ್ನಿಗೆ, ತಯಾರಕರು ಹೇಳಿದ್ದರೆ ಮಾತ್ರ, ಶಾಖ ತಡೆಯುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಬೇಕು. ಉಜ್ಜುವ ಮುಖಕ್ಕೆ ಒಂದು ಹನಿಯೂ ತಾಗಬಾರದು.
5. ಮುಂದಿನ ಎರಡೂ ಚಕ್ರ, ಇಲ್ಲವೇ ಹಿಂದಿನ ಎರಡೂ ಚಕ್ರ, ಹೀಗೆ ಜೋಡಿಯಾಗಿಯೇ ಬದಲಿಸಬೇಕು.
6. ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಕಾರಿನಲ್ಲಿ ಹಿಂದಿನ ಪ್ಯಾಡ್ ಬದಲಿಸುವ ಮೊದಲು ಅದನ್ನು ಸರ್ವಿಸ್ ಮೋಡ್‌ಗೆ ಹಾಕಬೇಕು.
7. ಕೆಲಸ ಮುಗಿದ ಮೇಲೆ ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಒಳಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಪ್ಯಾಡ್ ತಲುಪುವವರೆಗೆ ಬ್ರೇಕ್ ಹಿಡಿಯುವುದೇ ಇಲ್ಲ. ಇದನ್ನು ಮರೆತು ಗ್ಯಾರೇಜಿನ ಗೋಡೆಗೆ ಗುದ್ದುವುದುಂಟು.

ಹೊಸ ಪ್ಯಾಡನ್ನು ಪಳಗಿಸುವುದು

ಹೊಸ ಬಾಣಲೆಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತೇವಲ್ಲ, ಪ್ಯಾಡ್‌ಗೂ ಹಾಗೆ ಒಂದು ಸಂಸ್ಕಾರ ಬೇಕು. ಎಣ್ಣೆ ಮಾತ್ರ ಬೇಡ! ಪ್ಯಾಡ್‌ನ ವಸ್ತು ಡಿಸ್ಕ್ ಮೇಲೆ ತೆಳುವಾಗಿ, ಸಮನಾಗಿ ಹರಡಿಕೊಂಡರೆ ಹಿಡಿತವೂ ಚೆನ್ನ, ಸದ್ದೂ ಕಡಿಮೆ.

ತಯಾರಕರ ಸೂಚನೆ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಹಿಂದೆ ಮುಂದೆ ವಾಹನವಿಲ್ಲದ ಖಾಲಿ ರಸ್ತೆಯಲ್ಲಿ 50ರಿಂದ 60 ಕಿಲೋಮೀಟರ್ ವೇಗದಿಂದ ಹತ್ತು ಹದಿನೈದಕ್ಕೆ ಇಳಿಯುವಂತೆ ಹದವಾಗಿ ಬ್ರೇಕ್ ಹಾಕಿ. ಪೂರ್ತಿ ನಿಲ್ಲಿಸಬೇಡಿ. ನಡುನಡುವೆ ಬಿಡುವು ಕೊಟ್ಟು ಎಂಟು ಹತ್ತು ಸಲ ಹೀಗೆ ಮಾಡಿ. ಆಮೇಲೆ ಆದಷ್ಟು ಬ್ರೇಕ್ ಒತ್ತದೆ ಸ್ವಲ್ಪ ದೂರ ಓಡಿಸಿ ತಣಿಯಲು ಬಿಡಿ. ಬಿಸಿ ಡಿಸ್ಕನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದು ನಿಂತರೆ ಅಲ್ಲಿ ಮಾತ್ರ ಪದರ ದಪ್ಪವಾಗಿ, ಮುಂದೆ ಸ್ಟಿಯರಿಂಗ್ ನಡುಗಬಹುದು. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಹೇಳುವ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ಕಾರಣ ಈ ಸಮನಲ್ಲದ ಪದರ.

ಫಾರ್ವರ್ಡ್ ಹೇಳುವುದು, ನಿಜ ಇರುವುದು

*‘ಎಣ್ಣೆ ಅಥವಾ ಸ್ಪ್ರೇ ಹಾಕಿದರೆ ಸದ್ದು ನಿಲ್ಲುತ್ತದೆ.’* ನಿಲ್ಲುತ್ತದೆ, ನಿಜ. ಘರ್ಷಣೆಯೇ ಇಲ್ಲದಿದ್ದರೆ ಸದ್ದು ಎಲ್ಲಿಂದ ಬಂದೀತು? ಆದರೆ ಕಾರು ನಿಲ್ಲಬೇಕಾದದ್ದೂ ಅದೇ ಘರ್ಷಣೆಯಿಂದ. ಒಂದು ಚಕ್ರಕ್ಕೆ ಎಣ್ಣೆ ತಾಗಿದರೆ ಬ್ರೇಕ್ ಹಾಕಿದಾಗ ಕಾರು ಇನ್ನೊಂದು ಕಡೆಗೆ ಎಳೆಯುತ್ತದೆ. ಪ್ಯಾಡ್ ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಒರೆಸಿದರೆ ಹೋಗುವುದಿಲ್ಲ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೊಂದೇ ದಾರಿ.

*‘ಸದ್ದು ಮಾಡುವ ಪ್ಯಾಡೇ ಗಟ್ಟಿಯಾಗಿ ಹಿಡಿಯುವುದು.’* ತಪ್ಪು. ಸದ್ದು ನಡುಕದ ಗುರುತು, ಶಕ್ತಿಯ ಗುರುತಲ್ಲ. ಚೆನ್ನಾಗಿ ತಯಾರಿಸಿದ ಸದ್ದಿಲ್ಲದ ಪ್ಯಾಡ್ ರಸ್ತೆಯಲ್ಲಿ ಅಷ್ಟೇ ಚೆನ್ನಾಗಿ ನಿಲ್ಲಿಸುತ್ತದೆ.

*‘ಸೆರಾಮಿಕ್ ಹಾಕಿದರೆ ಸದ್ದೇ ಬರುವುದಿಲ್ಲ.’* ಅರ್ಧ ನಿಜ. ಸಾಧ್ಯತೆ ಕಡಿಮೆ. ಪಿನ್ ಬಿಗಿದಿದ್ದರೆ, ಡಿಸ್ಕ್ ಗೀರಿದ್ದರೆ ಸೆರಾಮಿಕ್ ಕೂಡ ಕೂಗುತ್ತದೆ.

*‘ತೂತು ಕೊರೆದ ಡಿಸ್ಕ್ ಹಾಕಿಸಿದರೆ ಸದ್ದು ಹೋಗುತ್ತದೆ.’* ಇಲ್ಲ. ತೂತು ಅಥವಾ ಗೀರುಗಳಿರುವ ಡಿಸ್ಕ್‌ನಿಂದ ಕೆಲವೊಮ್ಮೆ ಹೆಚ್ಚುವರಿ ಗುಂಯ್‌ಗುಡುವ ಸದ್ದೇ ಬರುತ್ತದೆ. ಸದ್ದು ಬೇಡವೆನ್ನುವವರಿಗೆ ಸಾದಾ ಡಿಸ್ಕ್ ಒಳ್ಳೆಯದು.

*‘ಘಾಟಿ ಇಳಿದ ಮೇಲೆ ಬಿಸಿ ಡಿಸ್ಕ್‌ಗೆ ನೀರು ಹಾಕಿ ತಣಿಸಿ.’* ಬೇಡ. ಕಾದ ಕಾವಲಿಗೆ ತಣ್ಣೀರು ಎರಚಿದಂತೆ, ಒಮ್ಮೆಲೇ ತಣಿದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು.

ಕೊನೆಯದಾಗಿ

ಲ್ಯಾಂಚೆಸ್ಟರ್ ಕಾಲದಿಂದಲೂ ಬ್ರೇಕಿನ ಸದ್ದಿಗೆ ಜನ ಸುಲಭದ ಮದ್ದು ಹುಡುಕುತ್ತಲೇ ಇದ್ದಾರೆ. ಅಂದು ಸುಲಭವೆನಿಸಿದ ಕಲ್ನಾರು ಶ್ವಾಸಕೋಶಕ್ಕೆ ಮುಳುವಾಯಿತು. ಇಂದಿನ ಸುಲಭದ ಮದ್ದು ಎಣ್ಣೆಯ ಸ್ಪ್ರೇ. ಅದನ್ನು ಹೇಳುವ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ತಿಳಿಸಿ ಹೇಳಿ. ಸದ್ದು ತಡೆಯಲಾಗದಿದ್ದರೆ ಮೊದಲು ಪ್ಯಾಡ್ ಎಷ್ಟು ಉಳಿದಿದೆ ಎಂದು ನೋಡಿಸಿ, ಆಮೇಲೆ ಪಿನ್ ಮತ್ತು ಡಿಸ್ಕ್ ನೋಡಿಸಿ, ಕೊನೆಗೆ ನಿಮ್ಮ ಓಡಾಟಕ್ಕೆ ತಕ್ಕ ಪ್ಯಾಡ್ ಕೊಳ್ಳಿ. ಇಷ್ಟಾದ ಮೇಲೂ ಚಳಿಗಾಲದ ಬೆಳಗ್ಗೆ ಒಂದೆರಡು ಸಲ ‘ಕೀಂ’ ಎಂದರೆ ಸುಮ್ಮನಿದ್ದುಬಿಡಿ. ಕೂಗಿದರೂ ಕಾರು ಸರಿಯಾಗಿ ನಿಲ್ಲುತ್ತಿದ್ದರೆ ಸಾಕು.